ಕೆಂಪಿನ ಮೇಲೆ ಹಚ್ಚಿದ ಬಿಳಿ

ಮರ್ವಿನ್ ರೊಡ್ಡಾ ಬರೆಯದ ಬೋರ್ಡು ಆ ಊರಿನಲ್ಲಿ ಇರಲಿಲ್ಲ. ಬೇಕರಿಯದು, ಮಾಂಸದಂಗಡಿಯದು, ಟ್ರ್ಯಾಕ್ಟರ್ ರಿಪೇರಿಯದು, ಗೋಧಿ ತುಂಬುವ ಸೈಲೋಗಳ ಮೇಲಿನ ಆಳೆತ್ತರದ ಅಂಕಿಗಳು, ಎಲ್ಲವೂ ಅವನ ಕೈಯವೇ. ಸ್ಮಶಾನದ ಗೇಟಿನ ಮೇಲೆ 'ದಯವಿಟ್ಟು ಮುಚ್ಚಿ ಹೋಗಿ, ಕುರಿ ನುಗ್ಗುತ್ತವೆ' ಎಂದು ಬರೆದವನೂ ಅವನೇ. ಅಡಿಲೇಡಿನಿಂದ ಮೂರು ತಾಸು ದೂರದ ಆ ಕುರುಚಲು ಮರಗಳ ಮ್ಯಾಲಿ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ, ಬಣ್ಣಕ್ಕೆ ಆಯುಸ್ಸಿಲ್ಲ. ಆದರೂ ಮರ್ವಿನ್ ಬರೆದದ್ದು ಇಪ್ಪತ್ತು ವರ್ಷ ಅಲುಗುತ್ತಿರಲಿಲ್ಲ. ಏನು ಗುಟ್ಟು ಅಂತ ಯಾರಾದರೂ ಕೇಳಿದರೆ, 'ಅವಸರ ಮಾಡಬಾರದು, ಅಷ್ಟೇ' ಅನ್ನುತ್ತಿದ್ದ. ಒಂದೇ ಒಂದು ಸಲ ಅವಸರ ಮಾಡಿದ್ದ. ಈ ಕಥೆ ಆ ಒಂದು ಸಲದ್ದು.

ಅವನದು ತಗಡಿನ ಚಾವಣಿಯ ಸಣ್ಣ ಕ್ರೈಸ್ತ ಸಭೆ. ಅಲ್ಲಿ ಪಾದ್ರಿ ಇಲ್ಲ, ಪೀಠವಿಲ್ಲ. ಭಾನುವಾರ ಬೆಳಿಗ್ಗೆ ಕರ್ತನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಂಡ ಮೇಲೆ ಮನಸ್ಸಿಗೆ ಬಂದ ಗಂಡಸು ಎದ್ದು ನಿಂತು ಮಾತಾಡಬಹುದು. ಹೆಂಗಸರು ತಲೆಗೆ ಟೋಪಿ ಹಾಕಿಕೊಂಡು ಸುಮ್ಮನೆ ಕೂರಬೇಕು. ಇನ್ನೊಂದು ವಾಡಿಕೆಯೆಂದರೆ, ನಾಳಿನ ಯಾವ ಮಾತನ್ನಾಡಿದರೂ ಕೊನೆಗೆ 'ಕರ್ತನ ಚಿತ್ತವಾದರೆ' ಎಂದು ಸೇರಿಸಬೇಕು. ಭಾನುವಾರ ಚಹಾ ಇರುತ್ತದೆ, ಕರ್ತನ ಚಿತ್ತವಾದರೆ. ಸೋಮವಾರ ಉಣ್ಣೆ ಕತ್ತರಿಸುತ್ತೇವೆ, ಕರ್ತನ ಚಿತ್ತವಾದರೆ. ಮರ್ವಿನ್‌ನ ಹೆಂಡತಿ ಐಲ್ಸಾ, ಪುಣ್ಯಾತಗಿತ್ತಿ, ಬದುಕಿದ್ದಾಗ ಹೇಳುತ್ತಿದ್ದಳು: 'ಆಲೂಗಡ್ಡೆ ಬೇಯೋಕೂ ಕರ್ತನ ಚಿತ್ತ ಕಾಯ್ತಾ ಕೂತ್ರೆ ಆಗುತ್ತೇನ್ರೀ? ಒಲೆ ಹಚ್ಚಿ ಮೊದಲು.'

ಮರ್ವಿನ್‌ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು ಅಂಗಡಿ ಬೋರ್ಡುಗಳಲ್ಲ, ಪಟ. ಅರವತ್ತಾರನೇ ಇಸವಿಯಲ್ಲಿ, ಇಪ್ಪತ್ತಾರರ ಹುಡುಗ, ಆರು ಗಜ ಕೋರಾ ಬಟ್ಟೆಗೆ ಅಂಟು ಬಳಿದು, ಬಿಳಿ ಹಚ್ಚಿ, ಮೂವತ್ತೆರಡು ಚೌಕ ಹಾಕಿದ. ಒಂದೊಂದು ಚೌಕದಲ್ಲೂ ಇಸ್ರಾಯೇಲ್ಯರ ಬಗ್ಗೆ ಬೈಬಲಿನಲ್ಲಿರುವ ಒಂದೊಂದು ಪ್ರವಾದನೆ. ನೆರವೇರಿದ್ದಕ್ಕೆ ಕೆಂಪು ತುಂಬಿ ಬಿಳಿ ಅಕ್ಷರ. ಇನ್ನೂ ನೆರವೇರಬೇಕಾದದ್ದು ಬಿಳಿಯಾಗೇ ಇರುತ್ತಿತ್ತು, ಅಕ್ಷರ ಕಪ್ಪು. ಮರುವರ್ಷ ಜೂನ್‌ನಲ್ಲಿ ಆರು ದಿನದ ಯುದ್ಧ ಮುಗಿದು ಹಳೆಯ ಯೆರೂಸಲೇಮು ಯೆಹೂದ್ಯರ ಕೈಗೆ ಬಂತೆಂದು ರೇಡಿಯೋ ಹೇಳಿತು. ಆ ಭಾನುವಾರ ಮರ್ವಿನ್ ಬಣ್ಣದ ಡಬ್ಬಿಯನ್ನು ಸಭೆಗೇ ತಂದ. ಎಲ್ಲರೆದುರು ಆ ಚೌಕಕ್ಕೆ ಕೆಂಪು ತುಂಬಿದ. ಹೆಂಗಸರು ಅತ್ತರು, ಗಂಡಸರು ಮೂಗು ಒರೆಸಿಕೊಂಡರು. ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಪತ್ರಿಕೆಯಲ್ಲಿ ಸುದ್ದಿ ಬಂದರೆ ಮರ್ವಿನ್ ಕುಂಚ ತರುತ್ತಿದ್ದ. ಸುತ್ತಲಿನ ಊರುಗಳ ಸಭೆಗಳಿಂದ ಕರೆ ಬರತೊಡಗಿತು. ಪೊರಕೆ ಹಿಡಿಗೆ ಸುತ್ತಿದ ಪಟವನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಿ, ಹರಡಿ, ಕೋಲಿನಿಂದ ತೋರಿಸಿ ಹೇಳಿ ಬರುತ್ತಿದ್ದ.

ಅವನ ಲೆಕ್ಕ ಸರಳ. ಇಸ್ರೇಲ್ ಮತ್ತೆ ದೇಶವಾದದ್ದು ನಲವತ್ತೆಂಟರಲ್ಲಿ. ಅದನ್ನು ಕಂಡ ತಲೆಮಾರು ಅಳಿಯುವ ಮುಂಚೆ ಕರ್ತನು ಭೂಮಿಗೆ ಮರಳಬೇಕು, ಒಂದು ತಲೆಮಾರೆಂದರೆ ನಲವತ್ತು ವರ್ಷ. ಆದ್ದರಿಂದ ಎಂಬತ್ತೆಂಟರೊಳಗೆ ಎಲ್ಲ ಮುಗಿದು ಕರ್ತನು ಬಂದೇ ಬರುತ್ತಾನೆ. ಎಂಬತ್ತೆಂಟು ಬಂತು, ಹೋಯಿತು, ಗೋಧಿ ಬೆಳೆ ಎಂದಿನಂತೆ ಬಂತು. ಮರ್ವಿನ್ ಬಾಯಿ ಬಿಡದೆ ತಲೆಮಾರನ್ನು ಎಪ್ಪತ್ತಕ್ಕೆ ಎಳೆದ. ಅದೂ ದಾಟಿದ ಮೇಲೆ ಎಂಬತ್ತು ಅಂದ. ಅವನ ಜೊತೆಯವನೇ ಆದ ಸಭೆಯ ಹಿರಿಯ ಗ್ಲಿನ್ ಪಾಸ್ಕೋ ಮಾತ್ರ ಬಿಡುತ್ತಿರಲಿಲ್ಲ. 'ಮರ್ವ್, ನಿನ್ನ ತಲೆಮಾರು ರಬ್ಬರಿಂದ ಮಾಡಿದ್ದೇನೋ ಮಾರಾಯ?' ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಮರ್ವಿನ್ನೂ ನಗುತ್ತಿದ್ದ. ನಕ್ಕರೆ ಯಾರೂ ಮುಂದೆ ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಈಗ ಮಗಳ ವಿಷಯಕ್ಕೆ ಬರೋಣ. ಒಬ್ಬಳೇ ಮಗಳು, ಜಾಯ್ಲೀನ್. ಎಂಬತ್ತಾರರಲ್ಲಿ ಅವಳಿಗೆ ಹದಿನೇಳು. ಅಡಿಲೇಡಿನ ದೊಡ್ಡಾಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿಯಲು ಅರ್ಜಿ ಹಾಕಿದ್ದಳು. ಬಂದು ಸೇರಿಕೋ ಎಂದು ಕಾಗದ ಬಂದು, ಅಡುಗೆಮನೆಯ ಗಡಿಯಾರದ ಹಿಂದೆ ಕೂತಿತ್ತು. ಅಪ್ಪ ಏನನ್ನುತ್ತಾನೋ ಎಂದು ಅವಳು ಕಾಯುತ್ತಿದ್ದಳು.

ಆ ಮನೆಯಲ್ಲಿ ಬೆಳಿಗ್ಗೆ ತಿಂಡಿಯಾದ ಮೇಲೆ ಬೈಬಲಿನ ಒಂದು ಅಧ್ಯಾಯ ಓದಬೇಕು. ಸರದಿಯ ಮೇಲೆ ಒಬ್ಬೊಬ್ಬರು, ಯಾವುದನ್ನೂ ಬಿಡುವಂತಿಲ್ಲ. ಆ ಬುಧವಾರ ಯೆಹೋಶುವನ ಪುಸ್ತಕ, ಜಾಯ್ಲೀನ್ ಸರದಿ. ಯಾವ ಕುಲಕ್ಕೆ ಯಾವ ಊರು ಎಂದು ಹಂಚುವ ಉದ್ದನೆಯ ಪಟ್ಟಿ. ಐಲ್ಸಾ ತೂಕಡಿಸುತ್ತಿದ್ದಳು. ಪಟ್ಟಿಯ ಕೊನೆಗೆ ಬಂದವಳೇ ಜಾಯ್ಲೀನ್ ನಿಂತಳು. ಓದಿದ್ದನ್ನೇ ಮತ್ತೊಮ್ಮೆ ಓದಿದಳು.

'ಅಪ್ಪಾ, ಪಿತೃಗಳಿಗೆ ಕೊಡ್ತೀನಿ ಅಂದಿದ್ದ ನೆಲಾನೆಲ್ಲ ದೇವರು ಕೊಟ್ಟುಬಿಟ್ಟ, ಒಂದು ಮಾತೂ ಸುಳ್ಳಾಗಲಿಲ್ಲ, ಎಲ್ಲ ನೆರವೇರ್ತು ಅಂತ ಇಲ್ಲೇ ಇದೆಯಲ್ಲ. ಹಾಗಾದ್ರೆ ನಿನ್ನ ಪಟದಲ್ಲಿ ನೆಲದ ಚೌಕ ಬಿಳಿ ಯಾಕಿದೆ?'

ಕೇಳಿದ್ದು ಕುತೂಹಲಕ್ಕೆ, ಜಗಳಕ್ಕಲ್ಲ. ಆ ಚೌಕವೆಂದರೆ ಪಟದ ನೆತ್ತಿ. ಐಗುಪ್ತದ ನದಿಯಿಂದ ಯೂಫ್ರೇಟೀಸ್‌ವರೆಗಿನ ನೆಲ ಇಸ್ರಾಯೇಲ್ಯರಿಗೆ ಇನ್ನೂ ಸಿಗಬೇಕಿದೆ ಎಂಬುದರ ಮೇಲೇ ಕೆಳಗಿನ ಹನ್ನೊಂದು ಬಿಳಿ ಚೌಕಗಳು ನಿಂತಿದ್ದವು. ಇಂಥ ಪ್ರಶ್ನೆಗೆ ಬೇರೆ ಸಭೆಗಳವರು ಏನೇನೋ ಸಮಾಧಾನ ಹೇಳುತ್ತಾರೆಂದು ಮರ್ವಿನ್ ಓದಿದ್ದ. ಆದರೆ ಆ ಗಳಿಗೆಯಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

'ಹೆಂಗಸರು ಸಭೇಲಿ ಉಪದೇಶ ಮಾಡಕೂಡದು,' ಅಂದ.

'ಇದು ಅಡುಗೆಮನೆ ಅಪ್ಪಾ.'

ಮರ್ವಿನ್ ಕುರ್ಚಿ ತಳ್ಳಿ ಎದ್ದು ಶೆಡ್ಡಿಗೆ ಹೋದ.

ಶೆಡ್ಡಿನಲ್ಲಿ ಅವನು ಬೈಬಲ್ ತೆರೆದು ಆ ಸಾಲುಗಳನ್ನು ಓದಿದ. ಮುಂದಿನ ಅಧ್ಯಾಯ ಓದಿದ, ಹಿಂದಿನದನ್ನೂ ಓದಿದ. ಮಗಳು ಓದಿದ್ದೇ ಸರಿ ಅನ್ನಿಸಿತು. ಇಪ್ಪತ್ತು ವರ್ಷ ಊರೂರು ತಿರುಗಿ ಹೇಳಿದ ಮನುಷ್ಯನಿಗೆ ಹಾಗೆ ಅನ್ನಿಸುವುದೆಂದರೆ ಸಣ್ಣ ಮಾತಲ್ಲ. ಆದರೂ ಅವತ್ತು ಅವನೊಳಗಿನ ಕಸುಬುದಾರ ಪ್ರಾಮಾಣಿಕನಾಗಿದ್ದ. ಪಟ ಬಿಚ್ಚಿ, ಗೋಡೆಗೆ ಮೊಳೆ ಹೊಡೆದು, ಕೈ ಊರುವ ಕೋಲು ಹಿಡಿದು, ನೆತ್ತಿಯ ಚೌಕಕ್ಕೆ ಕೆಂಪು ತುಂಬಿದ. ಒಣಗಿದ ಮೇಲೆ ಬಿಳಿಯಲ್ಲಿ 'ನೆರವೇರಿತು' ಎಂದು ಬರೆದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾಯ್ಲೀನ್ ಕೇಳಿದಳು' ಎಂದೂ ಬರೆದ. ಅವನ ಜೀವನದಲ್ಲಿ ಅಷ್ಟು ಚಂದದ ಅಕ್ಷರ ಅವನು ಬರೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಆ ಪಟದ ಮುಂದೆ ನಿಂತು ಯೋಚನೆಗೆ ಬಿದ್ದ. ಮರುದಿನ ಪಕ್ಕದೂರಿನ ಸಭೆ, ಇನ್ನೂರು ಜನ. ನೆತ್ತಿ ಕೆಂಪಾದರೆ ಕೆಳಗಿನದನ್ನೆಲ್ಲ ಏನೆಂದು ವಿವರಿಸುವುದು? ನಲವತ್ತು ವರ್ಷದ ಲೆಕ್ಕ ಎಲ್ಲಿ ನಿಲ್ಲುತ್ತದೆ? ಹದಿನೇಳರ ಹುಡುಗಿ ತಿಂಡಿ ತಿನ್ನುತ್ತ ಕೇಳಿದ ಪ್ರಶ್ನೆಗೆ ತಾನು ಬಿದ್ದುಹೋದೆ ಎಂದು ಇನ್ನೂರು ಜನರೆದುರು ಹೇಳುವ ಎದೆ ಅವನಿಗಿರಲಿಲ್ಲ. ಬಿಳಿ ಡಬ್ಬಿ ತೆಗೆದ. ಕೆಂಪಿನ ಮೇಲೆ ಬಿಳಿ ಹಚ್ಚುವುದಾದರೆ ನಡುವೆ ಅರಗಿನ ಒಂದು ಕೈ ಹಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಕೆಂಪು ಇವತ್ತಲ್ಲ ನಾಳೆ ಮೇಲೆದ್ದು ಬರುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅರಗು ಒಣಗಲು ಹೊತ್ತಿರಲಿಲ್ಲ. ಸೀದಾ ಬಿಳಿ ಬಳಿದ. ಹಳೆಯ ಕಪ್ಪು ಅಕ್ಷರಗಳನ್ನು ಮತ್ತೆ ಬರೆದ.

ಅಡಿಲೇಡಿಗೆ ಪತ್ರ ಹೋದದ್ದೂ ಅದೇ ವಾರ. 'ಇನ್ನೆರಡೇ ವರ್ಷ ಉಳಿದಿರೋದು ಮಗಳೇ, ಮೂರು ವರ್ಷದ ಓದು ಯಾಕೆ? ಸಿಕ್ಕ ಹೊತ್ತನ್ನ ಕರ್ತನ ಕೆಲಸಕ್ಕೆ ಕೊಡು' ಎಂದು ಮರ್ವಿನ್ ಹೇಳಿದ. ಬರಲಾಗುವುದಿಲ್ಲ ಎಂಬ ಪತ್ರವನ್ನು ತನ್ನ ಮುದ್ದಾದ ಅಕ್ಷರದಲ್ಲಿ ತಾನೇ ಬರೆದ. ಜಾಯ್ಲೀನ್ ಕೆಳಗೆ ಸಹಿ ಹಾಕಿದಳು. ಅತ್ತಳೋ ಇಲ್ಲವೋ ಅವನು ನೋಡಲಿಲ್ಲ, ನೋಡದ ಹಾಗೆ ಎದ್ದು ಹೋಗಿದ್ದ.

ಎಂಬತ್ತೆಂಟು ದಾಟಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಜಾಯ್ಲೀನ್ ಊರಿನ ಸಣ್ಣ ಆಸ್ಪತ್ರೆಯ ಅಡುಗೆಮನೆಗೆ ಸೇರಿಕೊಂಡಳು. ಮೂವತ್ತು ವರ್ಷಕ್ಕೂ ಮೇಲೆ ಊಟದ ಗಾಡಿ ತಳ್ಳಿದಳು. ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಸಕ್ಕರೆ ಕೂಡದು, ಯಾರು ಎರಡು ದಿನದಿಂದ ತುತ್ತೆತ್ತಿಲ್ಲ ಎಂಬುದು ನರ್ಸುಗಳಿಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತಿತ್ತು. ಹೊಸದಾಗಿ ಬಂದ ಹುಡುಗಿಯರು ಅವಳನ್ನೇ ಕೇಳುತ್ತಿದ್ದರು. ಮದುವೆಯಾಗಲಿಲ್ಲ. ಐಲ್ಸಾ ಕೊನೆಯ ವರ್ಷ ಹಾಸಿಗೆ ಹಿಡಿದಾಗ ಮಗ್ಗುಲು ಬದಲಾಯಿಸಿ, ಹುಣ್ಣಾಗದಂತೆ ನೋಡಿಕೊಂಡವಳು ಇವಳೇ. ನೋಡಲು ಬಂದ ಡಾಕ್ಟರು 'ನಿಮಗೆ ತರಬೇತಿ ಆದದ್ದು ಎಲ್ಲಿ?' ಎಂದು ಕೇಳಿದ. 'ಅಡುಗೆಮನೇಲಿ' ಅಂದಳು ಜಾಯ್ಲೀನ್. ಬಾಗಿಲ ಬಳಿ ನಿಂತಿದ್ದ ಮರ್ವಿನ್ ಅಂಗಳಕ್ಕೆ ಹೋಗಿ ಒಣಗಿದ ಗುಲಾಬಿಗೆ ನೀರು ಹಾಕುತ್ತ ನಿಂತ.

ಇಷ್ಟೆಲ್ಲ ಆಗಿ, ಮರ್ವಿನ್‌ಗೆ ಎಂಬತ್ತನಾಲ್ಕು ತುಂಬಿದ ವರ್ಷ, ಸಭೆಯಲ್ಲಿ ಉಳಿದದ್ದು ಹನ್ನೊಂದು ಜನ. ಎಲ್ಲರಿಗೂ ಮಂಡಿ ನೋವು. ಗ್ಲಿನ್ ಒಂದು ದಿನ ಎದ್ದು, ಮರ್ವಿನ್‌ನ ಪಟವನ್ನು ಇನ್ನು ಸುತ್ತಿಡುವುದು ಬೇಡ, ಚೌಕಟ್ಟು ಹಾಕಿಸಿ ಎದುರು ಗೋಡೆಗೆ ಶಾಶ್ವತವಾಗಿ ತೂಗುಹಾಕೋಣ, ಕರ್ತನ ಚಿತ್ತವಾದರೆ, ಎಂದ. ಎಲ್ಲರೂ ಒಪ್ಪಿದರು. ಪಟದ ಮೇಲೆ ಸಭೆಗಳಲ್ಲಿನ ಸೀಮೆಎಣ್ಣೆ ಹೀಟರಿನ ಹೊಗೆ ಕಂದಾಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸುವ ಕೆಲಸ ಜಾಯ್ಲೀನ್‌ಗೆ ಬಿತ್ತು. ಶೆಡ್ಡಿನಲ್ಲಿ ಹರಡಿಕೊಂಡು ಎರಡು ದಿನ ಒರೆಸಿದಳು. ಗುರುವಾರ ಸಂಜೆ ನೆತ್ತಿಯ ಸಾಲೊಂದು ಬಾಕಿ ಉಳಿಯಿತು.

ಶುಕ್ರವಾರ ಅವಳು ಕೆಲಸಕ್ಕೆ ಹೋದ ಮೇಲೆ ಮರ್ವಿನ್ ತಾನೇ ಒರೆಸೋಣವೆಂದು ಶೆಡ್ಡಿಗೆ ಬಂದ. ನೆತ್ತಿಯ ಚೌಕದ ಮೇಲೆ ಬಟ್ಟೆ ಆಡಿಸಿದ. ಹೊಗೆ ಹೋಯಿತು. ಅದರಡಿಯಲ್ಲಿ ಚೌಕ ಬಿಳಿಯಾಗಿರಲಿಲ್ಲ, ಗುಲಾಬಿಯಾಗಿತ್ತು. ಒಸಡಿನ ಬಣ್ಣ. ಕಪ್ಪು ಅಕ್ಷರಗಳ ಹಿಂದೆ, ಆ ಗುಲಾಬಿಯಲ್ಲಿ, ಮಸುಕು ಬಿಳಿಯಾಗಿ ಇನ್ನೊಂದು ಬರಹ ಎದ್ದು ಬಂದಿತ್ತು. ನೆರವೇರಿತು. ಜಾಯ್ಲೀನ್ ಕೇಳಿದಳು.

ಈ ವಯಸ್ಸಿನಲ್ಲೂ ಮನುಷ್ಯನಿಗೆ ನಾಚಿಕೆಯಿಂದ ಕಿವಿ ಉರಿಯುತ್ತದೆಯೇ ಎಂದು ಅವನಿಗೇ ಆಶ್ಚರ್ಯವಾಯಿತು. ಸರಿ, ಆಗಲಾದರೂ ಕೂತು ಯೋಚಿಸಬೇಕಿತ್ತಲ್ಲ? ಇಲ್ಲ. ಬಿಳಿ ಡಬ್ಬಿಗೆ ಕೈ ಹಾಕಿದ. ಕೆನೆಗಟ್ಟಿದ ಬಣ್ಣವನ್ನು ಕಡ್ಡಿಯಿಂದ ಕಲಕಿದ. ಮೂವತ್ತೆಂಟು ವರ್ಷದ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಲು ಕುಂಚ ಎತ್ತಿದ. ಮೊದಲ ಪದದ ಅರ್ಧ ಮುಚ್ಚುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

'ಅಪ್ಪಾ, ಕುರಿಮಾಂಸದ ಪೈ ತಂದಿದ್ದೀನಿ, ಬಿಸಿ ಇದ್ದಾಗ್ಲೇ...' ಜಾಯ್ಲೀನ್ ನಿಂತಳು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು. ಓದಿದಳು. 'ನನ್ನ ಹೆಸರು ಯಾಕಿದೆ ಇಲ್ಲಿ?'

'ಏನೋ, ಹಳೇದು. ನೀನು ಚಿಕ್ಕೋಳಿದ್ದಾಗ ಏನೋ ಕೇಳಿದ್ದೆಯಲ್ಲ.'

'ಕೇಳಿದ್ದು ನನಗೂ ನೆನಪಿದೆ. ನೀನು ಕುರ್ಚಿ ತಳ್ಳಿ ಎದ್ದುಹೋಗಿದ್ದೂ ನೆನಪಿದೆ. ನಾನೇನೋ ಪೆದ್ದು ಪ್ರಶ್ನೆ ಕೇಳಿ ನಿನಗೆ ಸಿಟ್ಟು ತರಿಸಿಬಿಟ್ಟೆ ಅಂತ ಎಷ್ಟೋ ದಿನ ಕೊರಗಿದ್ದೆ.' ಅವಳು ಚೌಕದ ಮೇಲೆ ಬೆರಳಿಟ್ಟಳು. ಬೆರಳಿಗೆ ಹಸಿ ಬಿಳಿ ಅಂಟಿತು. 'ನೀನು ಕೆಂಪು ಹಚ್ಚಿದ್ದೆ. ನಾನು ಹೇಳಿದ್ದು ಸರಿ ಅನ್ನಿಸಿತ್ತು ನಿನಗೆ.'

ಮರ್ವಿನ್ ಕುಂಚವನ್ನು ಡಬ್ಬಿಯಲ್ಲಿ ಇಟ್ಟ, ತೆಗೆದ, ಮತ್ತೆ ಇಟ್ಟ.

'ಈಗ ಮುಚ್ಚಿಡೋಕೆ ಹೊರಟಿದ್ದು ಯಾರಿಂದ ಅಪ್ಪಾ? ಗ್ಲಿನ್‌ನಿಂದಲೋ, ನನ್ನಿಂದಲೋ?'

ಅವಳು ಪೈಯನ್ನು ಹಲಗೆಯ ಮೇಲಿಟ್ಟು, ಬೆರಳನ್ನು ಟರ್ಪೆಂಟೈನ್ ಬಟ್ಟೆಗೆ ಒರೆಸಿ, ಆಸ್ಪತ್ರೆಗೆ ವಾಪಸು ಹೋದಳು. ಪೈ ಆರಿಹೋಯಿತು.

ಭಾನುವಾರ ಪಟವನ್ನು ಹಾಗೆಯೇ, ಅರ್ಧ ಬಿಳಿ ಮೆತ್ತಿದ ಗುಲಾಬಿ ಚೌಕದೊಂದಿಗೇ, ಗೋಡೆಗೆ ತೂಗುಹಾಕಿದರು. ಮುದುಕರ ಕಣ್ಣಿಗೆ ಅದೇನೂ ಬೀಳಲಿಲ್ಲ. ರೊಟ್ಟಿ ಮುರಿದಾಯಿತು. ಮರ್ವಿನ್ ಎದ್ದು ನಿಂತ.

'ಸಹೋದರರೇ, ಈ ಪಟದಲ್ಲಿ ಒಂದು ಮೋಸ ಇದೆ. ಎಂಬತ್ತಾರರಲ್ಲಿ ಯಾರೋ ಒಬ್ಬರು ನನ್ನನ್ನ ಒಂದು ಪ್ರಶ್ನೆ ಕೇಳಿದ್ರು. ನೆಲದ ವಾಗ್ದಾನ ಯೆಹೋಶುವನ ಕಾಲದಲ್ಲೇ ನೆರವೇರಿತಲ್ಲ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಹೇಳಿದ್ದೇ ಸರಿ ಅನ್ನಿಸ್ತು. ಚೌಕಕ್ಕೆ ಕೆಂಪು ಹಚ್ಚಿದೆ, ಆಮೇಲೆ ಹೆದರಿ ಬಿಳಿ ಬಳಿದೆ. ಅಲ್ಲಿಂದ ಇಲ್ಲೀವರೆಗೂ ಗೊತ್ತಿರೋನ ಹಾಗೆ ನಿಮಗೆ ಹೇಳ್ತಾ ಬಂದೆ. ತಪ್ಪಾಯ್ತು.'

ಹೊರಗೆ ಸೈಲೋ ಮೇಲೆ ಗಿಳಿಗಳು ಕಿರುಚಾಡುತ್ತಿದ್ದವು. ಗ್ಲಿನ್ ಗಂಟಲು ಸರಿಮಾಡಿಕೊಂಡ.

'ಹಾಗಾದ್ರೆ ನೆರವೇರಿದೆಯೋ ಇಲ್ವೋ, ಒಂದು ಹೇಳಿಬಿಡು ಮರ್ವ್. ಅರವತ್ತು ವರ್ಷ ಕಾಯಿಸಿದ್ದೀಯ.'

'ಗೊತ್ತಿಲ್ಲ ಗ್ಲಿನ್.'

'ಗೊತ್ತಿಲ್ಲ ಅನ್ನೋದಕ್ಕೆ ಆರು ಗಜ ಬಟ್ಟೆ ಬೇಕಿತ್ತೇನೋ?'

ನಗು ಎದ್ದಿತು. ಸಭೆ ಹಗುರವಾಯಿತು. ಚಹಾದ ಹೊತ್ತಿಗೆ ಒಬ್ಬೊಬ್ಬರೂ ಬಂದು ಅವನ ಭುಜ ತಟ್ಟಿದರು. ಎಂಥ ದೀನತೆ, ಎಂಥ ಧೈರ್ಯ ಅಂದರು. ಮರ್ವಿನ್ ಜಾಮ್ ಹಚ್ಚಿದ ಪುಟ್ಟ ದೋಸೆಯಂಥ ಪೈಕ್ಲೆಟ್‌ಗಳನ್ನು ಮೂರು ತಿಂದ. ಎಷ್ಟೋ ವರ್ಷಗಳ ಮೇಲೆ ಬಾಯಿಗೆ ರುಚಿ ಹತ್ತಿತ್ತು. ಜಾಯ್ಲೀನ್ ಬಟ್ಟಲು ತೊಳೆಯುತ್ತಿದ್ದಳು.

ಕಾರು ಓಡಿಸುವವಳು ಅವಳೇ. ಮುಖ್ಯರಸ್ತೆ ದಾಟಿ ಗೋಧಿ ಹೊಲಗಳ ನಡುವೆ ಬಂದರು. ಮರ್ವಿನ್ ಕಾಯುತ್ತಿದ್ದ. ಮಗಳೂ ಏನಾದರೂ ಒಳ್ಳೆಯದು ಹೇಳುತ್ತಾಳೆ ಎಂಬ ಆಸೆ ಅವನಿಗಿತ್ತು, ನಾಚಿಕೆಗೇಡು.

'ಯಾರೋ ಒಬ್ಬರು,' ಅಂದಳು ಜಾಯ್ಲೀನ್.

ಅವನು ಅವಳ ಕಡೆ ತಿರುಗಿದ.

'ಮೂರನೇ ಸಾಲಲ್ಲಿ, ಟೋಪಿ ಹಾಕ್ಕೊಂಡು, ಆ ಯಾರೋ ಒಬ್ಬಳು ಕೂತಿದ್ದಳಲ್ಲ ಅಪ್ಪಾ. ಪತ್ರದ ವಿಷಯಾನೂ ಹೇಳಲಿಲ್ಲ ನೀನು. ಮೋಸ ಆಗಿದ್ದು ಬಟ್ಟೆಗೆ ಅನ್ನೋ ಹಾಗೆ ಹೇಳಿದೆ.'

'ಗಾಡಿ ತಿರುಗಿಸು ಮಗಳೇ. ಗ್ಲಿನ್ ಇನ್ನೂ ಬೀಗ ಹಾಕಿರಲ್ಲ. ಹೋಗಿ ಎಲ್ಲ ಹೇಳ್ತೀನಿ.'

'ಅವರಿಗೆ ಯಾಕೆ ಇನ್ನೊಂದು ಸಲ? ಮತ್ತೆ ಬೆನ್ನು ತಟ್ಟಿಸ್ಕೊಳ್ಳೋಕಾ? ನಾನು ಇಲ್ಲೇ ಇದ್ದೀನಿ. ನನಗೆ ಹೇಳು.'

ಹನ್ನೊಂದು ಜನರ ಮುಂದೆ ಆಡಲು ಬಂದ ಮಾತು ಒಬ್ಬಳ ಮುಂದೆ ಬರಲಿಲ್ಲ. ಅವನು ತನ್ನ ಕೈಗಳನ್ನೇ ನೋಡುತ್ತ ಕೂತ. ಉಗುರಿನ ಅಂಚಿನಲ್ಲಿ ಶುಕ್ರವಾರದ ಬಿಳಿ ಇನ್ನೂ ಇತ್ತು.

ಅವಳೇ ಕೇಳಿದಳು. ಆಸ್ಪತ್ರೆಯಲ್ಲಿ, ಜ್ವರ ಯಾವಾಗ ಶುರುವಾಯಿತು, ಕೊನೆಗೆ ಊಟ ಮಾಡಿದ್ದು ಯಾವಾಗ ಎಂದು ಕೇಳುವ ದನಿಯಲ್ಲೇ ಕೇಳಿದಳು. 'ಎಷ್ಟು ದಿನ ಕೆಂಪಾಗಿತ್ತು?'

'ಬುಧವಾರದಿಂದ. ಶನಿವಾರ ಮಧ್ಯಾಹ್ನದವರೆಗೆ.'

'ಪತ್ರ ಯಾವತ್ತು ಬರೆದೆ?'

ಇದೊಂದನ್ನು ಅವನು ಕರ್ತನ ಮುಂದೆ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ನೆನಪಿಲ್ಲ ಅಂದುಬಿಡಬಹುದಿತ್ತು. ಎಂಬತ್ತನಾಲ್ಕರ ಮುದುಕನ ಮರೆವನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

'ಶುಕ್ರವಾರ,' ಅಂದ.

ಜಾಯ್ಲೀನ್ ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಟೋಪಿ ತೆಗೆದು ಹಿಂದಿನ ಸೀಟಿಗೆ ಹಾಕಿದಳು.

'ಶುಕ್ರವಾರ ಅಂದ್ರೆ ಇನ್ನೂ ಕೆಂಪಾಗೇ ಇತ್ತು.'

'ಹೂಂ. ಶೆಡ್ಡಲ್ಲಿ ನನ್ನ ಹಿಂದೆ ಗೋಡೆ ಮೇಲೇ ಇತ್ತು. ಅದಕ್ಕೆ ಬೆನ್ನು ಮಾಡ್ಕೊಂಡು ಕೂತು ಬರೆದೆ. ನಿನ್ನನ್ನ ಕಳಿಸಿದ್ರೆ ಯಾಕೆ ಕಳಿಸಿದೆ ಅಂತ ಕೇಳ್ತಾರಲ್ಲ ಅಂತ. ಎರಡೇ ವರ್ಷ ಅಂದೋನು ಮಗಳನ್ನ ಮೂರು ವರ್ಷದ ಓದಿಗೆ ಕಳಿಸ್ತಾನಾ ಅಂತ ಜನ ಕೇಳ್ತಾರೆ ಅಂತ. ನೀನು ಸರಿ ಅಂತ ಗೊತ್ತಿದ್ದೂ ಬರೆದೆ ಜಾಯ್. ನನ್ನನ್ನ ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ.'

ಅವಳು ಅಳಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಎದುರಿನ ಹೊಲ ನೋಡುತ್ತಿದ್ದಳು. ಅದು ಇನ್ನೂ ಹಸಿರಾಗಿತ್ತು, ತೆನೆ ಕಟ್ಟಲು ತಿಂಗಳಿತ್ತು. ಕುರಿ ತುಂಬಿದ ಲಾರಿಯೊಂದು ಪಕ್ಕದಲ್ಲಿ ಹಾದುಹೋಗಿ ಕಾರನ್ನು ಅಲುಗಿಸಿತು.

'ನಾನು ಒಳ್ಳೇ ನರ್ಸ್ ಆಗ್ತಿದ್ದೆ ಅಪ್ಪಾ,' ಅಂದಳು.

'ಆಗ್ತಿದ್ದೆ,' ಅಂದ ಮರ್ವಿನ್. ಆ ಮಾತಿನ ಕೊನೆಗೆ ಅವನು ಕರ್ತನ ಚಿತ್ತವನ್ನು ಸೇರಿಸಲಿಲ್ಲ.